ಬೋರ್ಡಿಲ್ಲದ ರೊಟ್ಟಿ ಮನಿ, ನನ್ನ ಹೆಬ್ಬಟ್ಟು, ಮತ್ತ ಡಿಸೆಂಬರ್ ತಿಂಗಳ ಬೀಗರು

ಮೊದಲೇ ಹೇಳಿಬಿಡ್ತೀನ್ರಿ, ಇದು ಒಂದು ಅಂಗಡಿ ರಿವ್ಯೂನೇ, ಆದ್ರ ಆ ಅಂಗಡಿಗೆ ಹೆಸರಿಲ್ಲ. ಬೋರ್ಡಿಲ್ಲ, ಮ್ಯಾಪಿನ್ಯಾಗ ಹುಡುಕಿದ್ರ ಸಿಗಂಗಿಲ್ಲ, ಬಿಲ್ ಕೇಳಿದ್ರ ಅಂಗಡಿ ಅಕ್ಕ ನಗ್ತಾಳ. ಕಲಬುರಗಿ ಜೇವರ್ಗಿ ರೋಡಿಂದ ಒಳಗ ಹೊಕ್ಕು ಎರಡು ಗಲ್ಲಿ ದಾಟಿದ್ರ ಒಂದು ತಗಡಿನ ಶೆಡ್ ಬರ್ತದ, ಹೊರಗ ಬೇವಿನ ಗಿಡ, ಗಿಡದ ತೆಳಗ ಹೊರಸಿನ ಮ್ಯಾಲ ಬಿಳಿ ಬಟ್ಟಿ ಹಾಸಿ ಖಡಕ್ ರೊಟ್ಟಿ ಆರ ಹಾಕಿರ್ತಾರ. ಕಣ್ಣಿಗಿಂತ ಮೊದ್ಲು ಕಿವಿಗೆ ಸಿಗ್ತದ ಅದು, ಏಳು ಮಂದಿ ಹೆಣ್ಮಕ್ಕಳು ಸೇರಿ ನಡಸೋ ಜಾಗ, ಮೂರ್ನಾಲ್ಕು ಮಂದಿ ಕೂಡೇ ಬಡಿಯೋ ಸಪ್ಪಳ ಗಲ್ಲಿ ತುದಿ ತನಕ ಕೇಳ್ತದ. ನಮ್ಮ ಓಣಿ ಮಂದಿ ರೊಟ್ಟಿ ಮನಿ ಅಂತಾರ, ಅಷ್ಟೇ ಅದರ ಹೆಸರು.

ಮೂರು ವರ್ಷದಿಂದ ಅದರ ಮುಂದ ಸ್ಕೂಟಿ ಮ್ಯಾಲ ಹಾದು ಹೋಗ್ಲತ್ತಿದ್ದೆ, ಒಮ್ಮಿನೂ ನಿಂದ್ರಿಸಿದಾಕಿ ಅಲ್ಲ. ಯಾಕಂದ್ರ ರೊಟ್ಟಿ ಕೊಂಡು ತಿನ್ನೋದು ಅಂದ್ರ ನಮ್ಮ ಮಂದ್ಯಾಗ ಹೆಂಗ ಅಂತ ನಿಮಗೂ ಗೊತ್ತದ. ಹೋಳಿಗಿ ತರಸ್ರಿ, ಬುಂದಿ ತರಸ್ರಿ, ಮಾಲಪುರಿ ತರಸ್ರಿ, ಯಾರೂ ಏನೂ ಅನ್ನಂಗಿಲ್ಲ. ರೊಟ್ಟಿ ತರಸಿದ್ರ ಮಾತ್ರ ‘ಯಾಕವ್ವ, ಆರಾಮಿಲ್ಲೇನ?’ ಅಂತ ಕೇಳ್ತಾರ. ಈ ಸಲ ಖರೇನೇ ಆರಾಮಿರ್ಲಿಲ್ಲ, ಅದಕ್ಕೇ ಹೋದೆ.

ನಾ ಬ್ಯಾಂಕಿನ್ಯಾಗ ಕ್ಯಾಷ್ ಕೌಂಟರ್‌ದಾಕಿ. ನೋಟು ಎಣಸೋ ಮಷಿನ್ ಅದ, ಇಲ್ಲಂತಿಲ್ಲ, ಆದ್ರ ಹತ್ತು ಇಪ್ಪತ್ತರ ಹಳೇ ಮೆತ್ತಗಾದ ನೋಟು ಮಷಿನಿಗೆ ಹಾಕಿದ್ರ ಸಿಕ್ಕೊಂತಾವ, ಅವು ಕೈಲೇ ಎಣಸಬೇಕು, ಹೆಬ್ಬಟ್ಟು ದಿನಾ ಎಷ್ಟು ಸಾವಿರ ಸಲ ಸರೀತದೋ ದೇವ್ರೇ ಬಲ್ಲ. ಮನಿಗೆ ಬಂದು ಮತ್ತ ಅದೇ ಕೈಲೆ ಮುವತ್ತು ರೊಟ್ಟಿ. ನವೆಂಬರ್ ನಡುವಿನ್ಯಾಗ ಬಲಗೈ ಹೆಬ್ಬಟ್ಟಿನ ಬುಡದಾಗ ಸೂಜಿ ಚುಚ್ಚಿದಂಗ ಶುರು ಆತು, ಆಮ್ಯಾಲ ಚಾದ ಕಪ್ ಎತ್ತಾಕೂ ಬರಲಾರದಂಗ ಆತು. ಡಾಕ್ಟರ್ ಹತ್ರ ಹೋದ್ರ ಅವರು ಹೆಬ್ಬಟ್ಟು ಮುಷ್ಟಿ ಒಳಗ ಮಡಚಿ ಮಣಿಕಟ್ಟು ಕಿರುಬಟ್ಟಿನ ಕಡಿ ಬಗ್ಗಸ್ರಿ ಅಂದ್ರು, ಬಗ್ಗಸಿದೆ, ಕುರ್ಚಿ ಮ್ಯಾಲಿಂದ ಎದ್ದೇಬಿಟ್ಟೆ. ಅವರು ನಕ್ಕು, ಇದಕ್ಕ ಡಿ ಕ್ವೆರ್ವೇನ್ ಅಂತಾರ, ಹೆಬ್ಬಟ್ಟು ಆಡಸೋ ಸ್ನಾಯುರಜ್ಜು ಒಂದು ಸಣ್ಣ ಕೊಳವಿಯೊಳಗ ಹಾದು ಹೋಗ್ತಾವ, ಅಲ್ಲಿ ಬಾವು ಬಂದದ, ತಿಕ್ಕಾಟ ನಿಲ್ಲಿಸಿದ್ರ ತಾನೇ ಇಳೀತದ ಅಂದ್ರು. ಸ್ಪ್ಲಿಂಟ್ (ಕೈ ಅಲುಗದಂಗ ಹಿಡಿಯೋ ಪಟ್ಟಿ) ಹಾಕ್ಕೋರಿ, ಬಟ್ಟಿ ಹಿಂಡಬ್ಯಾಡ್ರಿ, ನಾಲ್ಕು ವಾರ ರೊಟ್ಟಿ ಬಡೀಬ್ಯಾಡ್ರಿ ಅಂತ ಬರದುಕೊಟ್ರು. ಸರ್, ಮುಂದ ಎಳ್ಳಮಾಸಿ ಅದ ಅಂದೆ, ಹೊಲಕ್ಕ ಹೋಗಿ ಪೂಜಿ ಮಾಡಿ ರೊಟ್ಟಿ ಊಟ ಮಾಡೋ ಅಮಾಸಿ ಹಬ್ಬ ಅದು. ಅವರೂ ಬೀದರ್ ಕಡ್ಯೋರು, ಒಂದು ಉಸಿರು ಬಿಟ್ರು, ಏನೂ ಅನ್ಲಿಲ್ಲ.

ಬೆಂಗಳೂರು ಮಂದಿಗೆ ಡಿಸೆಂಬರ್ ಅಂದ್ರ ರಜಾ. ನಮ್ಮ ಕಡಿ ಹೆಣ್ಮಕ್ಕಳಿಗೆ ಅದು ಓವರ್‌ಟೈಮು. 2024ರ ಡಿಸೆಂಬರ್ ಹೆಂಗಿತ್ತು ಅಂತ ನೋಡ್ರಿ. ಧನುರ್ಮಾಸ ಹತ್ತೋದ್ರೊಳಗ ಮುಗಸಬೇಕಂತ ಹದಿನೈದು ದಿನದಾಗ ನಾಲ್ಕು ಮದುವಿ, ಅದು ಮುಗೀತಿದ್ದಂಗ ನಮ್ಮ ಮೈದುನನ ಮನಿಯವರು ಬೆಂಗಳೂರಿಂದ ವಂದೇ ಭಾರತ್ ಹತ್ತಿ ಬಂದ್ರು, ಯಾಕಂದ್ರ ವರ್ಷ ಮುಗಿಯೋದ್ರಾಗ ತಗೊಳ್ಳದಿದ್ರ ಕಂಪನಿಯೊಳಗ ಲೀವ್ ಲ್ಯಾಪ್ಸ್ ಆಗ್ತಾವಂತ, ಅವರ ಹಿಂದ ನಾದಿನಿ ಪುಣೆದಿಂದ ಇಬ್ಬರು ಮಕ್ಕಳನ್ನ ಕರಕೊಂಡು, 25ಕ್ಕ ಕ್ರಿಸ್‌ಮಸ್, ಸೋಮವಾರ 30ಕ್ಕ ಎಳ್ಳಮಾಸಿ, 31ಕ್ಕ ನಮ್ಮ ಬ್ಯಾಂಕಿನ ಕ್ವಾರ್ಟರ್ ಕ್ಲೋಸಿಂಗ್, ಜನವರಿ 13ಕ್ಕ ಭೋಗಿ, 14ಕ್ಕ ಸಂಕ್ರಾಂತಿ. ಮನ್ಯಾಗ ಹನ್ನೊಂದು ಮಂದಿ. ಇವತ್ತು ಗಾಣಗಾಪುರ, ನಾಳೆ ಬುದ್ಧ ವಿಹಾರ, ನಾಡದು ಬಂದೇ ನವಾಜ್ ದರ್ಗಾ ಮತ್ತ ಶರಣಬಸವೇಶ್ವರ ಗುಡಿ, ಸಂಜಿಗೆ ಅಪ್ಪನ ಕೆರಿ ಮ್ಯಾಲ ಫೋಟೋ. ಅವರು ಒಂಬತ್ತಕ್ಕ ಏಳೋರು, ನಾ ನಾಲ್ಕೂವರಿಗೆ. ನಸುಕಿನ್ಯಾಗ ನಲ್ಲಿ ನೀರು ಮುಟ್ಟಿದ್ರ ಕೈ ಸೆಟೆದು ಹೋಗ್ತಿತ್ತು. ಬ್ಯಾಸಗಿಯೊಳಗ ನಮ್ಮ ಊರಿಗೆ ಬಯ್ಯೋರು ಒಮ್ಮಿ ಡಿಸೆಂಬರ್ ನಸುಕಿಗೆ ಬಂದು ಭಾಂಡೆ ತೊಳೀರಿ ನೋಡೂನು.

ಖರೆ ಹೇಳ್ಬೇಕಂದ್ರ ಹೆಬ್ಬಟ್ಟಿಗಿಂತ ಜಾಸ್ತಿ ಕೆಟ್ಟಿದ್ದು ನನ್ನ ನಾಲಿಗಿ. ಐದು ತಾಸು ನಿದ್ದಿ ಮಾಡಿದ ಹೆಂಗಸು ಏನು ಮಾತಾಡ್ತಾಳೋ ಅಕಿಗೇ ಗೊತ್ತಿರಂಗಿಲ್ಲ. ಮಗಳು ‘ಮಮ್ಮಿ ಸಾಕ್ಸ್ ಎಲ್ಲವ’ ಅಂತ ಕೇಳಿದ್ದಕ್ಕ ನಾ ಅಕಿ ಹುಟ್ಟಿದಾಗಿಂದ ಇಲ್ಲೀತನಕದ ಲೆಕ್ಕ ತಗದೆ. ನಾದಿನಿ ಮಕ್ಕಳು ಸುಮ್ ಕುಂತು ಕೇಳ್ಲತ್ತಿದ್ವು. ಆವತ್ತೇ ಸಂಜಿಗೆ ಸ್ಪ್ಲಿಂಟ್ ಹಾಕ್ಕೊಂಡ ಕೈಲೆ ಸ್ಕೂಟಿ ತಗೊಂಡು ಆ ಬೇವಿನ ಗಿಡದ ತೆಳಗ ನಿಂತೆ (ಒಂದೂವರಿ ಕೈಲೆ ಸ್ಕೂಟಿ ಹೊಡ್ಯೋದು ಡಾಕ್ಟರಿಗೆ ಹೇಳಬ್ಯಾಡ್ರಿ).

ಮೊದಲ ದಿನ ನಲವತ್ತು ಮೆತ್ತನ ರೊಟ್ಟಿ ತಂದೆ. ನಮ್ಮ ಅತ್ತಿ ಡಬ್ಬಿ ಮುಚ್ಚಳ ತಗದು ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡದು ನೋಡಿದ್ರು, ಪೊಲೀಸರು ನಕಲಿ ನೋಟು ನೋಡಿದಂಗ. ‘ಅಂಚು ದಪ್ಪ ಅದ’ ಅಂದ್ರು. ಹೌದು, ಅಂಚು ದಪ್ಪ ಇತ್ತು, ಸುಳ್ಳಲ್ಲ. ಆಮ್ಯಾಲ ‘ಹೊರಗಿನ ರೊಟ್ಟಿ ಬೀಗರಿಗೆ ಹಾಕಿದ್ರ ಮನಿ ಮರ್ಯಾದಿ ಏನಾಗಬೇಕು’ ಅಂತ ಶುರು ಮಾಡಿದ್ರು. ನಾ ಅಂದೆ, ಅತ್ತೀ, ನೀವು ಶರಣಬಸಪ್ಪನ ದಾಸೋಹದಾಗ ಪ್ರಸಾದ ತಗೊಂಡಾಗ ಯಾರ ಮನಿ ಅಡಗಿ ಅಂತ ಕೇಳ್ತೀರೇನ್ರಿ, ಕೊಪ್ಪಳ ಗವಿಮಠದ ಜಾತ್ರಿಗೆ ಊರೂರಿಂದ ಹೋಗೋ ರೊಟ್ಟಿ ಯಾರು ಬಡದಾರಂತ ಯಾರರೆ ಕೇಳ್ಯಾರೇನು. ಅದಕ್ಕ ಅವರ ಹತ್ರ ಉತ್ತರ ಇರ್ಲಿಲ್ಲ, ಆದ್ರ ರೊಟ್ಟಿ ಎರಡು ಹೆಚ್ಚಿಗಿ ತಿಂದ್ರು, ಅದೇ ಉತ್ತರ ಅಂತ ನಾ ತಿಳ್ಕೊಂಡೆ.

ಈಗ ರೊಟ್ಟಿ ವಿಷಯ. ಜ್ವಾಳ ಮಾಲದಂಡಿ, ಹಿಂಗಾರಿ ಬಿಳಿ ಜ್ವಾಳ, ಚೀಲ ನಾನೇ ನೋಡೀನಿ. ಬೀಸೋದು ಎರಡು ದಿನಕ್ಕೊಮ್ಮಿ, ಇದು ಮುಖ್ಯ. ರೊಟ್ಟಿ ಮಾಡೋರಿಗೆ ಗೊತ್ತಿರ್ತದ, ಹಿಟ್ಟು ಹಳೇದಾದ್ರ ಜಿಗಿ ಹೋಗಿ ಬಡಿಯಾಕ ಹೋದ್ರ ಅಂಚು ಸೀಳ್ತದ. ಗೋಧಿಗಿರೋ ಅಂಟು ಜ್ವಾಳಕ್ಕ ಇಲ್ಲ, ಅದಕ್ಕೇ ಕುದಿಯೋ ಎಸರು ಹೊಯ್ದು ನಾದೋದು, ಬಿಸಿ ನೀರಿಗೆ ಹಿಟ್ಟಿನೊಳಗಿನ ಪಿಷ್ಟ ಅರ್ಧ ಬೆಂದು ಅದೇ ಅಂಟಿನ ಕೆಲಸ ಮಾಡ್ತದ. ನಾದೋದು ಎಷ್ಟು ನಾದ್ತೀರಿ ಅಷ್ಟು ರೊಟ್ಟಿ ಮೆತ್ತಗ. ಇಲ್ಲಿ ನಾದಾಕೆ ಒಬ್ಬಾಕಿ ಬ್ಯಾರೇ, ಬಡಿಯಾಕೆ ಬ್ಯಾರೇ, ಹಂಚಿನ ಮ್ಯಾಲ ನೀರು ಹಚ್ಚಿ ಬೇಯಿಸಾಕೆ ಬ್ಯಾರೇ. ನಾದಾಕಿ ಅಂಗೈ ಬುಡದಿಂದ ಒತ್ತಿ ಒತ್ತಿ ತಿಕ್ಕೋದು ನೋಡಿದ್ರ ನನ್ನ ಹೆಬ್ಬಟ್ಟು ಸ್ಪ್ಲಿಂಟ್ ಒಳಗೇ ನೊಂದಂಗ ಆಗ್ತಿತ್ತು. ಮೆತ್ತನ ರೊಟ್ಟಿ ಸಂಜಿ ತನಕ ಮೆತ್ತಗೇ ಇರ್ತಾವ, ಮರುದಿನ ಮುಂಜಾನಿಗೆ ಚೂರು ಮುರೀತಾವ, ಆಗ ಮಜ್ಜಿಗಿಯೊಳಗ ಮುರದು ಹಾಕಿ ಒಗ್ಗರಣಿ ಕೊಟ್ರ ಬೀಗರ ನಾಷ್ಟಾ ಮುಗೀತು, ಆ ವಿಷಯಕ್ಕ ಬೆಂಗಳೂರು ಹುಡುಗಿ ರೆಸಿಪಿ ಕೇಳಿ ಬರ್ಕೊಂಡಾಳ. ಅಲ್ಲಿ ಮಾಲ್‌ದಾಗ ಜ್ವಾಳಕ್ಕ ಸಿರಿಧಾನ್ಯ ಅಂತ ಹೆಸರಿಟ್ಟು ಅರ್ಧ ಕೇಜಿ ಡಬ್ಬಿಗೆ ಏನು ರೇಟ್ ಹಾಕ್ತಾರ ಅಂತ ಅಕಿ ಹೇಳಿದ್ಲು, ನಮ್ಮ ಅತ್ತಿ ಕೇಳಿ ಕೈ ಮುಗಿದ್ರು. 2023 ಸಿರಿಧಾನ್ಯ ವರ್ಷ ಅಂತ ಇಡೀ ಜಗತ್ತೇ ಮಾಡ್ತಂತ, ನಮ್ಮ ಮನ್ಯಾಗ ಯಾವ ವರ್ಷ ಅಲ್ಲ ಅದು?

ಖಡಕ್ ರೊಟ್ಟಿ ಬಗ್ಗೆ ನಂಗೇನೂ ತಕರಾರಿಲ್ಲ. ತೆಳ್ಳಗ, ಪೂರಾ ಒಣಗಿದ್ದು, ಸ್ಟೀಲ್ ಡಬ್ಬಿಯೊಳಗ ಇಟ್ರ ತಿಂಗಳಾದ್ರೂ ಏನೂ ಆಗಿಲ್ಲ. ಡಿಸೆಂಬರಿನ್ಯಾಗ ತಂದಿದ್ದು ಸಂಕ್ರಾಂತಿ ದಿನಾನೂ ಕುರುಂ ಅಂತಿತ್ತು.

ಸಜ್ಜಿ ರೊಟ್ಟಿ ವಿಷಯದಾಗ ಮಾತ್ರ ಜಗಳ ಮಾಡೀನಿ. ಥಂಡ್ಯಾಗ ಸಜ್ಜಿ ತಿಂದ್ರ ಮೈ ಬೆಚ್ಚಗಿರ್ತದ ಅಂತ ಎಲ್ಲಾರಿಗೂ ಬೇಕು, ಎಳ್ಳಮಾಸಿಗೂ ಬೇಕು, ಭೋಗಿಗಂತೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇಲ್ಲದೇ ನಡ್ಯಾಂಗಿಲ್ಲ. ಸಜ್ಜಿಯೊಳಗ ಎಣ್ಣಿ ಅಂಶ ಜಾಸ್ತಿ, ಬೀಸಿದ ಹಿಟ್ಟು ಒಂದು ವಾರ ಇಟ್ರ ಕಮಟು ಹಿಡದು ಕಹಿ ಬರ್ತದ. ಮೊದಲ ಸಲ ಕೊಟ್ಟಿದ್ದು ಹಂಗೇ ಕಹಿ ಇತ್ತು. ತಗೊಂಡು ಹೋಗಿ ಅಕ್ಕನ ಕೈಲೇ ಒಂದು ತುಣುಕು ತಿನ್ನಿಸಿದೆ, ಅಕಿ ಅಗಿದು, ಸುಮ್ನಾಗಿ, ಒಳಗ ಹೋಗಿ ಡಬ್ಬಿ ವಾಸನಿ ನೋಡಿ, ‘ಹೌದವ್ವ, ಹೋದ ವಾರದ್ದು ಕೂಡ್ಯದ’ ಅಂದು ರೊಕ್ಕ ವಾಪಸ್ ಕೊಟ್ಲು. ವಾದ ಮಾಡ್ಲಿಲ್ಲ. ಆಮ್ಯಾಲಿಂದ ಸಜ್ಜಿ ಆರ್ಡರ್ ಬಂದಷ್ಟೇ ಬೀಸ್ತಾರ, ಎರಡು ದಿನ ಮೊದ್ಲೇ ಹೇಳಬೇಕು. ಎಳ್ಳು ಮಾತ್ರ ಇನ್ನೂ ಎಣಿಸಿ ಎಣಿಸಿ ಹಚ್ತಾರ, ನಮ್ಮವ್ವ ಹಚ್ಚಿದ ರೊಟ್ಟಿಯೊಳಗ ರೊಟ್ಟಿ ಹುಡುಕಬೇಕಿತ್ತು, ಇಲ್ಲಿ ಎಳ್ಳು ಹುಡುಕಬೇಕು.

ಇನ್ನೊಂದು, ಇವರ ಶೇಂಗಾ ಹಿಂಡಿ (ಚಟ್ನಿ ಪುಡಿ) ನಮ್ಮ ಮನಿಗೆ ಆಗಿಬರ್ಲಿಲ್ಲ. ರುಚಿ ಭಾರಿ ಅದ, ಉಪ್ಪೂ ಭಾರಿ ಅದ. ನಮ್ಮ ಅತ್ತಿಗೆ ಬಿಪಿ, ಥಂಡಿಗೆ ರಕ್ತನಾಳ ಬಿಗಿ ಹಿಡದು ಬಿಪಿ ಮೊದ್ಲೇ ಸ್ವಲ್ಪ ಮ್ಯಾಲ ಹೋಗಿರ್ತದ, ಅದರ ಮ್ಯಾಲ ಮದುವಿ ಊಟದ ಉಪ್ಪಿನಕಾಯಿ, ಹಪ್ಪಳ, ಮತ್ತ ಈ ಹಿಂಡಿ, ಚಳಿ ಅಂತ ನೀರು ಕುಡಿಯೋದೂ ಅಷ್ಟಕ್ಕಷ್ಟೇ. ಡಿಸೆಂಬರ್ ಮೂರನೇ ವಾರ ಮಷಿನ್ ಹಚ್ಚಿ ನೋಡಿದ್ರ 160 ಮ್ಯಾಲ. ಆವತ್ತಿಂದ ಹಿಂಡಿ ಬಂದ್, ಮನ್ಯಾಗೇ ಉಪ್ಪು ಕಮ್ಮಿ ಹಾಕಿ ಅಗಸಿ ಹಿಂಡಿ ಕುಟ್ಟಿದೆ, ಕುಟ್ಟಿದ್ದು ನಾ ಅಲ್ಲ, ನಮ್ಮ ಮೈದುನ, ಐಟಿ ಕೈಲೆ. ಅವನಿಗೆ ಅರ್ಧ ತಾಸಿಗೆ ಬೆವರು ಬಂತು.

ಎಳ್ಳಮಾಸಿ ಹಿಂದಿನ ದಿನ ಸಂಜಿ ಆದ ಫಜೀತಿ ಹೇಳಲೇಬೇಕು. ನೂರು ಜ್ವಾಳದ್ದು, ಅರವತ್ತು ಸಜ್ಜಿದು ಅಂತ ವಾರ ಮೊದ್ಲೇ ಹೇಳಿ ಅಡ್ವಾನ್ಸ್ ಕೊಟ್ಟಿದ್ದೆ, ಐದಕ್ಕ ಬಾ ಅಂದಿದ್ರು. ಐದಕ್ಕ ಹೋದ್ರ ಬೇವಿನ ಗಿಡದಿಂದ ಗಲ್ಲಿ ತುದಿ ತನಕ ಸ್ಕೂಟಿ, ಆಟೋ, ಒಂದು ಟಂಟಂ, ಜಗತ್ ಸರ್ಕಲ್ ಟ್ರಾಫಿಕ್ಕೇ ಇಲ್ಲಿಗೆ ಬಂದಂಗ. ಪಾಳಿ ಚೀಟಿ ಇಲ್ಲ, ಯಾರು ಜೋರಾಗಿ ಕೂಗ್ತಾರ ಅವರಿಗೆ ಮೊದ್ಲು. ನನಗ ಸಿಕ್ಕಿದ್ದು ಏಳೂವರಿಗೆ, ಅದೂ ಹತ್ತು ಸಜ್ಜಿ ಕಮ್ಮಿ. ಮತ್ತ ಎಲ್ಲಕ್ಕಿಂತ ದೊಡ್ಡ ತಪ್ಪು, ಬಿಸಿ ಬಿಸಿ ರೊಟ್ಟಿ ಪ್ಲಾಸ್ಟಿಕ್ ಕವರಿನ್ಯಾಗ ತುಂಬಿ ಗಂಟು ಕಟ್ಟಿ ಕೊಟ್ರು. ಮನಿಗೆ ಬಂದು ಬಿಚ್ಚಿದ್ರ ಉಗಿ ನೀರಾಗಿ ತೆಳಗಿನ ಹದಿನೈದು ರೊಟ್ಟಿ ಅಂಬಲಿ ಆಗಿದ್ವು. ಅಷ್ಟು ಛಂದ ಬಡದು ಕಡೀಗೆ ಎಂಟಾಣಿ ಕವರಿಗೆ ಕೆಡಸೋದು ನೋಡಿ ನನಗ ಅಳು ಬಂತು, ನಿದ್ದಿಗೆಟ್ಟ ಹೆಂಗಸಿಗೆ ಅಳಾಕ ಅಷ್ಟೇ ಸಾಕು. ನೀವು ಹೋಗೋದಾದ್ರ ಮನಿಯಿಂದ ಬಿದಿರಿನ ಪುಟ್ಟಿ ಮತ್ತ ಕಾಟನ್ ಬಟ್ಟಿ ಒಯ್ರಿ, ಬಿಸಿ ಇದ್ದಾಗ ಮುಚ್ಚಬ್ಯಾಡ್ರಿ.

ಆದ್ರ ಆ ರಾತ್ರಿ ನಾ ಹತ್ತಕ್ಕ ಮಲಗಿದೆ. ಹೋದ ವರ್ಷ ಎಳ್ಳಮಾಸಿ ಹಿಂದಿನ ರಾತ್ರಿ ಎರಡು ಗಂಟಿ ತನಕ ಒಲಿ ಮುಂದ ಕುಂತಿದ್ದೆ, ಮರುದಿನ ಹೊಲಕ್ಕ ಹೋದಾಗ ಎಲ್ಲಾರೂ ಚರಗ (ಹೊಲಕ್ಕ ನೈವೇದ್ಯ) ಚೆಲ್ಲಾಕ ಹೋದ್ರ ನಾ ಟ್ರ್ಯಾಕ್ಸ್ ಗಾಡಿ ಒಳಗೇ ಕುಂತು ತೂಕಡಿಸಿದ್ದೆ. ಈ ಸಲ ಮುಂಜಾನಿ ಆರಕ್ಕ ಎದ್ದು ಭಜ್ಜಿ ಅಷ್ಟೇ ಮಾಡಿದೆ. ಭಜ್ಜಿ ಅಂದ್ರ ಎಣ್ಣ್ಯಾಗ ಕರದ ಭಜಿ ಅಲ್ರಿ, ಹಸಿ ತೊಗರಿಕಾಳು, ಕಡ್ಲಿ, ಅವರಿ, ಬಟಾಣಿ, ಗಜ್ಜರಿ, ಮೆಂತ್ಯಾ ಪಲ್ಲೆ, ಹುಣಸಿ ರಸ, ಮ್ಯಾಲ ಕಡ್ಲಿ ಹಿಟ್ಟು ಕಲಸಿ ಕುದಿಸಿದ್ದು, ಎಳ್ಳಮಾಸಿ ಬಿಟ್ರ ಅದಕ್ಕ ಆ ರುಚಿ ಬರಂಗಿಲ್ಲ. ಕಾಯಿಪಲ್ಲೆ ಹೆಚ್ಚಿಕೊಟ್ಟಿದ್ದು ನಾದಿನಿ, ಹುಣಸಿ ಕಿವುಚಿದ್ದು ನಮ್ಮ ಮನಿಯವರು. ಒಂದು ಕೆಲಸ ಹೊರಗ ಹೋದ್ರ ಉಳಿದ ಕೆಲಸ ಹಂಚ್ಕೊಳ್ಳಾಕ ಮಂದಿಗೆ ನಾಚಿಕಿ ಹೋಗ್ತದ, ಅದು ಹೆಂಗ ಅಂತ ನನಗ ಇನ್ನೂ ತಿಳಿದಿಲ್ಲ.

ಹೊಲ ಆಳಂದ ತಾಲೂಕಿನ್ಯಾಗ. ಜ್ವಾಳದ ದಂಟಿನ ಕೊಂಪಿ ಕಟ್ಟಿ ಐದು ಪಾಂಡವರ ಕಲ್ಲಿಟ್ಟು ಪೂಜಿ ಆತು, ನಾನೂ ಚರಗ ಚೆಲ್ಲಿದೆ, ಎಡಗೈಲೇ ಚೆಲ್ಲಿದ್ದಕ್ಕ ಅತ್ತಿ ಒಮ್ಮಿ ನೋಡಿದ್ರು, ಸ್ಪ್ಲಿಂಟ್ ನೋಡಿ ಸುಮ್ನಾದ್ರು. ಊಟ ಆದ್ಮ್ಯಾಲ ತೊಗರಿ ಸಾಲಿನ ಪಕ್ಕ ಕಂಬಳಿ ಹಾಸಿ ಬಿಸಲಿಗೆ ಬೆನ್ನು ಕೊಟ್ಟು ಮಲಗಿದೆ. ಒಂದು ತಾಸು. ಎದ್ದಾಗ ಮೈಮ್ಯಾಲ ಯಾರೋ ಶಾಲು ಹೊಚ್ಚಿದ್ರು. ಹದಿನೆಂಟು ವರ್ಷದಾಗ ಎಳ್ಳಮಾಸಿ ದಿನ ಹೊಲದಾಗ ಮಲಗಿದ್ದು ಅದೇ ಮೊದ್ಲು.

ರೇಟು ಕೇಳ್ತೀರಂತ ಗೊತ್ತದ. ಮೆತ್ತನ ಜ್ವಾಳದ ರೊಟ್ಟಿ 6 ರೂಪಾಯಿ, ಖಡಕ್ 7, ಸಜ್ಜಿ ಎಳ್ಳು ಹಚ್ಚಿದ್ದು 9. ಎಳ್ಳಮಾಸಿ ವಾರ ಎಲ್ಲಕ್ಕೂ ಒಂದು ರೂಪಾಯಿ ಜಾಸ್ತಿ. ಹಬ್ಬ ಅಂತ ಸುಲಿಗಿ ಮಾಡ್ತಾರ ಅಂತ ನಮ್ಮ ಮನಿಯವರು ಗೊಣಗಿದ್ರು. ನನಗೂ ಮೊದ್ಲು ಹಂಗೇ ಅನಸಿತ್ತು. ಆಮ್ಯಾಲ ಒಂದು ಸಂಜಿ ರೊಟ್ಟಿ ಆಗೋ ತನಕ ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ದೆ, ಮಾತಾಡಿದೆ. ಹಬ್ಬದ ವಾರ ದಿನಕ್ಕ ಸಾವಿರದ ಮ್ಯಾಲ ರೊಟ್ಟಿ. ನಸುಕಿನ ಮೂರಕ್ಕ ಬರ್ತಾರ. ಅವರ ಮನ್ಯಾಗೂ ಎಳ್ಳಮಾಸಿ ಇರ್ತದಲ್ಲ, ಅವರ ಮನಿ ರೊಟ್ಟಿ ಯಾವಾಗ ಬಡಿತೀರಿ ಅಂದ್ರ, ‘ಎಲ್ಲಾರದು ಆದ ಮ್ಯಾಲ’ ಅಂದ್ಲು ಒಬ್ಬಾಕಿ. ತಾಸಿಗೊಮ್ಮಿ ಕೆಲಸ ಬದಲಿ ಮಾಡ್ಕೊಂತಾರಂತ, ಬಡದಾಕಿ ಬೇಯಿಸಾಕ, ಬೇಯಿಸಿದಾಕಿ ನಾದಾಕ, ಹಂಗ ಮಾಡದಿದ್ರ ರಾತ್ರಿ ಕೈ ಜುಮು ಹಿಡೀತದಂತ. ಯಾವ ಡಾಕ್ಟರೂ ಹೇಳಿಕೊಟ್ಟಿಲ್ಲ, ತಾವೇ ಕಂಡ್ಕೊಂಡಾರ. ನನ್ನ ಹೆಬ್ಬಟ್ಟಿನ ಕೆಲಸ ನಾ ಇವರ ಹೆಬ್ಬಟ್ಟಿಗೆ ಆರು ರೂಪಾಯಿಗೆ ದಾಟಸೀನಿ ಅಂತ ಆವತ್ತು ಅನಸ್ತು, ಅನಸಿದ ಮ್ಯಾಲೂ ರೊಟ್ಟಿ ತಗೊಂಡೇ ಬಂದೆ, ಅದೂ ಖರೆ. ಮನಿಯವರಿಗೆ ಮಾತ್ರ ಹೇಳಿದೆ, ಒಂದು ರೂಪಾಯಿ ಬಗ್ಗೆ ಇನ್ನೊಮ್ಮಿ ಮಾತಾಡಿದ್ರ ಮುಂದಿನ ಎಳ್ಳಮಾಸಿಗೆ ನೀವೇ ಬಡೀರಿ ಅಂತ.

ಫೋನ್ ಪೇ ನಡೀತದ, ಸ್ಕ್ಯಾನರ್ ಹಿಟ್ಟು ಮೆತ್ತಿ ಬೆಳ್ಳಗಾಗಿರ್ತದ, ಒರಸಿ ಸ್ಕ್ಯಾನ್ ಮಾಡ್ರಿ. ಮುಂಜಾನಿ ಹತ್ತರೊಳಗ ಹೋದ್ರ ಬಿಸಿ ಸಿಗ್ತಾವ, ಮಧ್ಯಾಹ್ನ ಒಂದರಿಂದ ನಾಲ್ಕು ಬಂದ್, ಅಮಾಸಿ ದಿನ ಪೂರಾ ಬಂದ್. ಮನಿಗೆ ತಂದುಕೊಡೋದಿಲ್ಲ. ಇಪ್ಪತ್ತಕ್ಕಿಂತ ಜಾಸ್ತಿ ಬೇಕಂದ್ರ ಹಿಂದಿನ ದಿನ ಹೇಳಬೇಕು, ಹೇಳಿ ಅಡ್ವಾನ್ಸ್ ಕೊಟ್ಟು ಚೀಟಿ ಬರಸ್ಕೋರಿ, ಬಾಯಿ ಮಾತು ಹಬ್ಬದ ದಿನ ನಡ್ಯಂಗಿಲ್ಲ ಅಂತ ನನಗ ತಿಳದದ. ಸ್ಟಾರ್ ಕೊಡಬೇಕಂದ್ರ ಐದಕ್ಕ ನಾಲ್ಕು, ಒಂದು ಆ ಪ್ಲಾಸ್ಟಿಕ್ ಕವರಿಗೆ ಕಟ್.

ಸಂಕ್ರಾಂತಿಗೆ ಕುಸುರೆಳ್ಳು ಕೊಡಾಕ ಹೋಗಿದ್ದೆ. ಬಾವು ಮುಕ್ಕಾಲು ಇಳಿದದ, ಸ್ಪ್ಲಿಂಟ್ ಈಗ ಕೆಲಸದಾಗ ಮಾತ್ರ ಹಾಕ್ತೀನಿ, ಆವತ್ತು ಬ್ಯಾಂಕಿಂದ ಸೀದಾ ಹೋಗಿದ್ದಕ್ಕ ಕೈಯಾಗೇ ಇತ್ತು. ದೊಡ್ಡಕ್ಕ ಎಳ್ಳು ತಗೊಂಡು ಬಾಯಿಗೆ ಹಾಕ್ಕೊಂಡು, ನನ್ನ ಕೈ ಹಿಡದು ಹೊಳ್ಳಿಸಿ ಹೊಳ್ಳಿಸಿ ನೋಡಿದ್ಲು. ‘ಇದು ಎಲ್ಲಿ ಸಿಗ್ತದವ್ವ, ಎಷ್ಟು?’ ಅಂದ್ಲು. ಸೂಪರ್ ಮಾರ್ಕೆಟ್ ಕಡಿ ಮೆಡಿಕಲ್‌ದಾಗ, ಮುನ್ನೂರರ ಹತ್ರ ಅಂದೆ. ಅಕಿ ಒಳಗ ತಿರುಗಿ, ‘ಮುನ್ನೂರಂತ’ ಅಂತ ಕೂಗಿದ್ಲು. ಒಳಗ ಬಡಿಯೋ ಸಪ್ಪಳ ಒಂದು ಗಳಿಗಿ ನಿಂತು ಮತ್ತ ಶುರು ಆತು.